ಜಲಜಕ್ಕನ ಅಂಬಲಿಯ ಹದ

ನನ್ನ ಬಾಯಿ ಜೋರು, ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಜಲಜಕ್ಕನ ಪರಿಚಯವಾದದ್ದೇ ಜಗಳದಿಂದ. ಆರು ವರ್ಷದ ಹಿಂದೆ ನಮ್ಮ ಯಜಮಾನರಿಗೆ ವಿಮಾ ಕಂಪನಿಯಲ್ಲಿ ಮೈಸೂರಿನಿಂದ ವಡೋದರಾಕ್ಕೆ ವರ್ಗವಾಯಿತು. ಫತೇಗಂಜಿನ ಈ ಅಪಾರ್ಟ್‌ಮೆಂಟಿಗೆ ಬಂದ ಮಾರನೆಯ ದಿನ ಬೆಳಿಗ್ಗೆ ಆರಕ್ಕೆಲ್ಲ ತಲೆಯ ಮೇಲೆ ದಬದಬ ಸದ್ದು. ನಾನು ಇನ್ನೂ ಸಾಮಾನಿನ ಪೆಟ್ಟಿಗೆಗಳನ್ನೂ ಬಿಚ್ಚಿರಲಿಲ್ಲ, ಆದರೆ ಜಗಳಕ್ಕೆ ಪೆಟ್ಟಿಗೆ ಬಿಚ್ಚಬೇಕಿಲ್ಲವಲ್ಲ! ಮೆಟ್ಟಿಲು ಹತ್ತಿ ಹೋಗಿ ಬಾಗಿಲು ಬಡಿದು, ನನಗೆ ಬರುವ ಅರೆಬರೆ ಹಿಂದಿಯಲ್ಲಿ ಶುರು ಹಚ್ಚಿಕೊಂಡೆ.

ಬಾಗಿಲು ತೆರೆದವರ ಮೊಣಕೈವರೆಗೂ ಜೋಳದ ಹಿಟ್ಟು ಮೆತ್ತಿತ್ತು. ನನ್ನ ಹಿಂದಿಯ ಒಂದೇ ವಾಕ್ಯ ಕೇಳಿ ಅವರ ಮುಖ ಅರಳಿತು. "ಕನ್ನಡದವರ ಏನ್ರಿ? ಬರ್ರಿ, ಒಳಗ ಬರ್ರಿ. ಮೊದಲ ಒಂದ್ ಬಿಸಿ ರೊಟ್ಟಿ ತಿನ್ರಿ, ಆಮ್ಯಾಲೆ ಬೈಯೀರಂತ."

ರೊಟ್ಟಿ, ಬೆಣ್ಣೆ, ಶೇಂಗಾ ಹಿಂಡಿ. ತಿಂದ ಮೇಲೆ ಬೈಯುವುದಕ್ಕೆ ಏನೂ ಉಳಿದಿರಲಿಲ್ಲ.

ಜಲಜಕ್ಕ ಗದಗ ಜಿಲ್ಲೆಯ ರೋಣದವರು. ರೈಲ್ವೆಯಲ್ಲಿ ಟಿ.ಸಿ. ಆಗಿದ್ದ ಲಿಂಗರಾಜಣ್ಣನನ್ನು ಮದುವೆಯಾಗಿ ಇಪ್ಪತ್ತೆಂಟು ವರ್ಷದ ಹಿಂದೆ ಇಲ್ಲಿಗೆ ಬಂದವರು. ಒಮ್ಮೆ ಯಾವುದೋ ಹಬ್ಬದಲ್ಲಿ ಯೂನಿವರ್ಸಿಟಿ ಹಾಸ್ಟೆಲಿನ ವಿಜಯಪುರದ ಹುಡುಗಿಯೊಬ್ಬಳು ಇವರ ಮನೆಯಲ್ಲಿ ರೊಟ್ಟಿ ತಿಂದು ಕಣ್ಣೀರು ಹಾಕಿದಳಂತೆ. ಅಂದಿನಿಂದ ಕನ್ನಡದ ವಿದ್ಯಾರ್ಥಿಗಳಿಗೆ ದಿನಾ ರೊಟ್ಟಿ. ನಾನು ಬರುವ ಹೊತ್ತಿಗೆ ಬೆಳಿಗ್ಗೆ ಅರವತ್ತು ರೊಟ್ಟಿಗೆ ಬಂದು ನಿಂತಿತ್ತು. ಅಳತೆಗೆ ಲೋಟವಿಲ್ಲ, ತಕ್ಕಡಿಯಿಲ್ಲ. ಕುದಿಯುವ ನೀರಿಗೆ ಹಿಟ್ಟು ಸುರಿದು ಬೆರಳಿನಿಂದ ಒಮ್ಮೆ ಒತ್ತಿದರೆ ಸಾಕು, ಏನು ಕಡಿಮೆ ಎಂದು ಗೊತ್ತಾಗಿಬಿಡುತ್ತಿತ್ತು.

ಲಿಂಗರಾಜಣ್ಣ ಊಟದ ಮನುಷ್ಯ. ಅಹಮದಾಬಾದಿನಿಂದ ಸೂರತ್ತಿನವರೆಗೆ ಅವರ ಲೆಕ್ಕದಲ್ಲಿ ಇದ್ದದ್ದು ಸ್ಟೇಷನ್ನುಗಳಲ್ಲ, ತಿಂಡಿಗಳು. ಭರೂಚ್ ಎಂದರೆ ಹುರಿದ ಶೇಂಗಾ, ಸೂರತ್ ಎಂದರೆ ಲೋಚೋ. ಡ್ಯೂಟಿ ಮುಗಿಸಿ ಬಂದರೆ ಕೋಟಿನ ಜೇಬಿನಲ್ಲಿ ಏನಾದರೊಂದು ಪೊಟ್ಟಣ ಇದ್ದೇ ಇರುತ್ತಿತ್ತು. ಹೆಂಡತಿ ಬೈಯುವಳೆಂದು ಅರ್ಧ ನನ್ನ ಮನೆಯಲ್ಲಿ ಬಚ್ಚಿಡುತ್ತಿದ್ದರು. ಆ ಅರ್ಧದಲ್ಲಿ ಅರ್ಧ ನಾನೇ ಮುಗಿಸುತ್ತಿದ್ದೆ, ಅದು ಬೇರೆ ಮಾತು.

ಕಳೆದ ಆಗಸ್ಟಿನ ಒಂದು ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ನಿಂತವರಿಗೆ ಎಡಗೈ ಮೇಲೇಳಲಿಲ್ಲ. ಕುಡಿದ ಚಹಾ ತುಟಿಯ ಒಂದು ಕಡೆಯಿಂದ ಸುರಿಯಿತು. ಜಲಜಕ್ಕ ತವೆಯ ಮೇಲಿನ ರೊಟ್ಟಿಯನ್ನು ಹಾಗೇ ಬಿಟ್ಟು, ಗ್ಯಾಸ್ ಆರಿಸಿ, ನನ್ನನ್ನೂ ಕೂಗದೆ, ಕೆಳಗಿನ ಆಟೋದವನನ್ನು ಮೇಲಕ್ಕೆ ಎಳೆದುಕೊಂಡು ಬಂದು ಗಂಡನನ್ನು ಹೊತ್ತು ಇಳಿಸಿದರು. ಅರ್ಧ ಗಂಟೆಯಲ್ಲಿ ಆಸ್ಪತ್ರೆ. ಪಾರ್ಶ್ವವಾಯು. ಹೊತ್ತು ಮಾಡದೆ ತಂದಿದ್ದೇ ಜೀವ ಉಳಿಸಿತು ಎಂದು ಡಾಕ್ಟರು ಹೇಳಿದರು.

ಹನ್ನೆರಡು ದಿನಕ್ಕೆ ಮನೆಗೆ ಬಂದರು. ಎಡಗಡೆ ಶಕ್ತಿಯಿಲ್ಲ, ಮಾತು ತೊದಲು. ಅದೆಲ್ಲ ನನಗೆ ಅರ್ಥವಾಯಿತು. ಅರ್ಥವಾಗದೇ ಹೋದದ್ದು ಮೂಗಿನಲ್ಲಿ ಇಳಿಬಿಟ್ಟಿದ್ದ ನಳಿಕೆ. ಹೊಡೆತ ಗಂಟಲಿಗೂ ಬಿದ್ದಿತ್ತು. ನಾವು ನುಂಗುವಾಗ ಶ್ವಾಸನಾಳದ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದಂತೆ, ಇವರಿಗೆ ಅದು ತಡವಾಗಿ ಮುಚ್ಚುತ್ತಿತ್ತು. ಆದ್ದರಿಂದ ಎರಡೆರಡು ಗಂಟೆಗೊಮ್ಮೆ ನಳಿಕೆಯಲ್ಲೇ ಆಹಾರ. ಆ ದಿನಗಳಲ್ಲಿ ಜಲಜಕ್ಕ ನಡೆದದ್ದನ್ನು ನಾನು ನೋಡಲಿಲ್ಲ, ಓಡಿದ್ದನ್ನೇ ನೋಡಿದ್ದು. ಮಗ್ಗುಲು ಬದಲಿಸು, ಮೈ ಒರೆಸು, ಗಡ್ಡ ತೆಗೆ, ನಳಿಕೆ ತೊಳೆ. ಅರವತ್ತು ರೊಟ್ಟಿ ನಿಂತೇ ಹೋದವು.

ವಾರಕ್ಕೆ ಮೂರು ಸಲ ನಿಕಿತಾ ಬರುತ್ತಿದ್ದಳು. ನುಂಗುವುದನ್ನು, ಮಾತನಾಡುವುದನ್ನು ಮತ್ತೆ ಕಲಿಸುವ ಥೆರಪಿಸ್ಟ್. ಇಪ್ಪತ್ತಾರರ ಗುಜರಾತಿ ಹುಡುಗಿ, ಗಂಟಲಿನ ಮೇಲೆ ಎರಡು ಬೆರಳಿಟ್ಟರೆ ಒಳಗಿನದೆಲ್ಲ ಕಾಣುತ್ತಿದೆಯೇನೋ ಎಂಬಂತೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಅವಳ ನಿಯಮ ಒಂದೇ. ನೀರು, ಚಹಾ, ಮಜ್ಜಿಗೆ ಯಾವುದೂ ಬೇಡ. ಶ್ರೀಖಂಡದಷ್ಟು ದಪ್ಪಗಿರುವುದು ಮಾತ್ರ, ಅದೂ ಅರ್ಧ ಚಮಚ, ಅದೂ ತಾನಿದ್ದಾಗ ಅಥವಾ ಜಲಜಾಬೆನ್ ಇದ್ದಾಗ. ಚಮಚವನ್ನು ಓರೆ ಮಾಡಿದರೆ ಒಳಗಿನದು ಸುರಿಯಬಾರದು, ಅಂಟಿಕೊಂಡು ಕೂರಲೂ ಬಾರದು, ಒಂದೇ ಮುದ್ದೆಯಾಗಿ ಜಾರಬೇಕು. ಅಂಗಡಿಯ ಪುಡಿ ಕಲಸಿ ತೋರಿಸಿದಳು. ಜಲಜಕ್ಕ ನೋಡಿ, "ಇಷ್ಟ ಏನು? ಇದು ನಮ್ಮ ಅಂಬಲಿ ಹದಾ" ಎಂದು ಅಡುಗೆಮನೆಗೆ ಹೋದರು. ಕಾಲು ಗಂಟೆಯಲ್ಲಿ ಜೋಳದ ಅಂಬಲಿ ಬಂತು. ಓರೆ ಮಾಡಿದರೆ ಪೂರ್ತಿ ಒಂದೇ ಸಲಕ್ಕೆ ಜಾರಿತು! ನಿಕಿತಾ ಫೋನಿನಲ್ಲಿ ಅದರ ವಿಡಿಯೋ ತೆಗೆದುಕೊಂಡು ಹೋದಳು.

ಮೂರನೇ ವಾರಕ್ಕೆ ಲಿಂಗರಾಜಣ್ಣ ಐದು ಚಮಚಕ್ಕೆ ಬಂದಿದ್ದರು. ಮನೆಯಲ್ಲಿ ಸಂಭ್ರಮ. ಆಗ ನಾನು ಕೈ ಹಾಕಿದೆ.

ಹೇಳಲು ನಾಚಿಕೆಯಾಗುತ್ತದೆ, ಆದರೆ ಹೇಳುತ್ತೇನೆ. ನಮ್ಮ ಕಡೆ ಹುಷಾರಿಲ್ಲದವರಿಗೆ ಕೊಡುವುದು ತಿಳಿಸಾರು, ತಿಳಿ ಗಂಜಿ. ಜ್ವರ ಬಂದರೆ ತಿಳಿ, ಹೆರಿಗೆಯಾದರೆ ತಿಳಿ, ಆಪರೇಷನ್ ಆದರೆ ತಿಳಿ. ತೆಳ್ಳಗಿದ್ದಷ್ಟೂ ಮೈಗೆ ಹಗುರ ಎಂದು ನನ್ನಜ್ಜಿ ಕಲಿಸಿದ್ದು, ನಾನೂ ಐವತ್ತು ಜನಕ್ಕೆ ಉಪದೇಶ ಮಾಡಿದ್ದೆ. ನಿಕಿತಾ ಗಟ್ಟಿ ಅಂಬಲಿ ತಿನ್ನಿಸುವುದನ್ನು ಕಂಡಾಗಲೆಲ್ಲ ನನಗೆ ಒಳಗೊಳಗೇ ಕುದಿಯುತ್ತಿತ್ತು. ನಿನ್ನೆ ಮೊನ್ನೆ ಕಾಲೇಜು ಮುಗಿಸಿದ ಹುಡುಗಿ, ನುಂಗಲಾರದವರಿಗೆ ಗಟ್ಟಿ ತಿನ್ನಿಸುತ್ತಾಳಲ್ಲ! ಒಂದು ಮಧ್ಯಾಹ್ನ ಬೇಳೆಕಟ್ಟಿನ ಸಾರು ಮಾಡಿ, ಎರಡು ಸಲ ಸೋಸಿ, ಮೇಲಕ್ಕೆ ಒಯ್ದೆ. ಜಲಜಕ್ಕ ಸ್ನಾನಕ್ಕೆ ಹೋಗಿದ್ದರು. ಲಿಂಗರಾಜಣ್ಣ ಇಂಗಿನ ವಾಸನೆಗೆ ಕಣ್ಣರಳಿಸಿದರು. ಮೂರು ಚಮಚ ಕೊಟ್ಟೆ. ಮೂರನೆಯದಕ್ಕೆ ಕೆಮ್ಮು ಹತ್ತಿತು. ಮುಖ ಕೆಂಪಾಗಿ, ಆಮೇಲೆ ನೀಲಿಯಾಗಿ, ಕಣ್ಣು ಮೇಲೆ ಸಿಕ್ಕಿಕೊಂಡವು. ಜಲಜಕ್ಕ ಒದ್ದೆ ಸೀರೆಯಲ್ಲೇ ಓಡಿಬಂದು ಅವರನ್ನು ಮುಂದಕ್ಕೆ ಬಗ್ಗಿಸಿ ಬೆನ್ನು ಗುದ್ದಿದರು.

ಅವತ್ತು ಉಸಿರು ಬಂತು. ಮಾರನೆಯ ದಿನ ಜ್ವರ ಬಂತು. ಸಾರು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಿತ್ತು. ಐದು ದಿನ ಮತ್ತೆ ಆಸ್ಪತ್ರೆ. ಮನೆಗೆ ಕಳಿಸುವಾಗ ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಮೂಗಿನ ನಳಿಕೆಯನ್ನು ಹೀಗೇ ತಿಂಗಳುಗಟ್ಟಲೆ ಇಡಲಾಗದು. ಎರಡು ವಾರ ಬಿಟ್ಟು ಮಂಗಳವಾರ, ಅಹಮದಾಬಾದಿನ ತಜ್ಞರು ಬಂದಾಗ, ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡುವುದು. ಸರಿಯಾಗಿ ನುಂಗಿದರೆ ನಳಿಕೆ ತೆಗೆಯುವುದು. ಇಲ್ಲವಾದರೆ ಹೊಟ್ಟೆಗೆ ತೂತು ಮಾಡಿ ಅಲ್ಲಿಂದಲೇ ಆಹಾರ.

ಜಲಜಕ್ಕ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಎರಡು ದಿನ ತಡೆದು ಮೂರನೆಯ ದಿನ ಬಾಗಿಲಲ್ಲಿ ನಿಂತು ಅತ್ತೆ. "ಜಲಜಕ್ಕ, ನಾಲ್ಕು ಬೈದಾದ್ರೂ ಬಿಡಿ. ಹೀಗೆ ಸುಮ್ನಿರಬೇಡಿ."

"ಅಳೂದು ಆಮ್ಯಾಲೆ ಅಳುವಂತಿ. ಮಂಗಳವಾರಕ್ಕ ಹನ್ನೊಂದು ದಿನ ಉಳದಾವು. ಬಾ, ಹಿಟ್ಟು ಜರಡಿ ಹಿಡಿ. ಒಂದ್ ತರಿ ಉಳಿಬಾರದು, ನೋಡು."

ಆ ಭಾನುವಾರ ಅವರ ಮಗಳು ನಿಶ್ಚಿತಾ ಒಂದು ದಿನದ ಮಟ್ಟಿಗೆ ಸೂರತ್ತಿನಿಂದ ಬಂದಳು. ಅಲ್ಲಿನ ಉಧ್ನಾದ ಸೀರೆ ಕಾರ್ಖಾನೆಯೊಂದರಲ್ಲಿ ಡಿಸೈನರ್. ಇಲ್ಲೇ ಹುಟ್ಟಿ ಬೆಳೆದವಳು, ಅವಳ ಕನ್ನಡದಲ್ಲಿ ಕನ್ನಡವೇ ಕಡಿಮೆ. "ಅಮ್ಮಾ, ಪ್ಲೀಸ್, ಪ್ರಾಕ್ಟಿಕಲ್ ಆಗು. ಹೊಟ್ಟಿ ಟ್ಯೂಬ್ ಹಾಕ್ಸಿದ್ರ ಪಪ್ಪಾಗ ರಿಸ್ಕ್ ಇಲ್ಲ ನಾ? ನಿಂಗೂ ಸ್ವಲ್ಪ ರೆಸ್ಟ್ ಸಿಗ್ತದ."

"ಹಾಕಸೂದು ಬ್ಯಾಡ ಅನ್ನಂಗಿಲ್ಲವ್ವ. ಬ್ಯಾರೆ ದಾರಿ ಇಲ್ಲಂದ್ರ ಹಾಕಸೋಣು" ಎಂದರು ಜಲಜಕ್ಕ. "ಆದ್ರ ನಿಮ್ಮಪ್ಪ ಉಣ್ಣೂ ಮನಿಷ್ಯಾ ಅದಾರ. ಹೊಟ್ಯಾಗ ಸುರುವಿದ್ರ ಜೀವಾ ಉಳೀತೈತಿ, ಊಟ ಆಗಂಗಿಲ್ಲ. ಮಂಗಳವಾರ ತನಕ ನಾ ಬಿಡಾಕಿ ಅಲ್ಲ."

ನಿಶ್ಚಿತಾ ಅಮ್ಮನ ಪಕ್ಕ ಕೂತು ಜರಡಿ ತೆಗೆದುಕೊಂಡಳು.

ಆ ಹನ್ನೊಂದು ದಿನ! ನಿಕಿತಾ ಕೊಟ್ಟ ವ್ಯಾಯಾಮಗಳನ್ನು ಲಿಂಗರಾಜಣ್ಣ ಒಬ್ಬರೇ ಮಾಡುವುದಿಲ್ಲ ಎಂದು ಮುಖ ತಿರುಗಿಸಿದರು. ಸರಿ, ಎಲ್ಲರೂ ಮಾಡೋಣ ಎಂದರು ಜಲಜಕ್ಕ. ಅಂಗಾತ ಮಲಗಿ, ಭುಜ ಎತ್ತದೆ ತಲೆ ಮಾತ್ರ ಎತ್ತಿ ಕಾಲಿನ ಹೆಬ್ಬೆರಳು ನೋಡುವುದು. ನಾಲಿಗೆಯನ್ನು ಹಲ್ಲಿನ ನಡುವೆ ಹಿಡಿದು ಎಂಜಲು ನುಂಗುವುದು. "ಈ" ಎಂದು ಆಗುವಷ್ಟು ಎತ್ತರದ ದನಿಯಲ್ಲಿ ಎಳೆಯುವುದು. ಮಂಚದ ಮೇಲೆ ಲಿಂಗರಾಜಣ್ಣ, ನೆಲದ ಮೇಲೆ ನಾವಿಬ್ಬರು, ಮೂವರೂ ಒಟ್ಟಿಗೆ "ಈ" ಎಂದು ಕಿರುಚುತ್ತಿದ್ದೆವು. ಎದುರು ಮನೆಯ ಗುಜರಾತಿ ಅಜ್ಜಿ ಯಾವ ಪೂಜೆ ಇದು ಎಂದು ವಿಚಾರಿಸಿಕೊಂಡು ಹೋದರು. ಮೊದಲ ದಿನ ಮೂರು ಸಲ ತಲೆ ಎತ್ತಿದ ಮನುಷ್ಯ ಎಂಟನೇ ದಿನ ಇಪ್ಪತ್ತು ಸಲ ಎತ್ತಿದರು. ನನಗೆ ಹತ್ತಕ್ಕೇ ಕುತ್ತಿಗೆ ಹಿಡಿದುಕೊಂಡಿತು.

ಗಂಟಲು ಗಟ್ಟಿಯಾಗುತ್ತಿತ್ತು. ಗಟ್ಟಿಯಾಗದೇ ಉಳಿದದ್ದು ಧೈರ್ಯ. ಒಂಬತ್ತನೇ ದಿನ ನಿಕಿತಾ ಅರ್ಧ ಚಮಚ ಅಂಬಲಿ ಕೊಟ್ಟಾಗ ಲಿಂಗರಾಜಣ್ಣ ಅದನ್ನು ಬಾಯಲ್ಲೇ ಇಟ್ಟುಕೊಂಡರು. ನುಂಗಲೇ ಇಲ್ಲ. ಕಣ್ಣಿನಲ್ಲಿ ನನ್ನ ಸಾರಿನ ಹೆದರಿಕೆ. ಕೊನೆಗೆ ಬಟ್ಟಲಿಗೆ ಉಗುಳಿದರು. ಉಗುಳಿದ್ದು ಅಂಬಲಿಯಾಗಿರಲಿಲ್ಲ, ನೀರಾಗಿತ್ತು. ನಿಕಿತಾ ತೋರಿಸಿದಳು. ಹಿಟ್ಟಿನ ಪದಾರ್ಥ ಬಾಯಲ್ಲಿ ಉಳಿದರೆ ಎಂಜಲು ಅದನ್ನು ಕರಗಿಸಿ ತೆಳ್ಳಗೆ ಮಾಡುತ್ತದೆ, ತೆಳ್ಳಗಾದದ್ದು ತಾನಾಗಿ ಶ್ವಾಸನಾಳಕ್ಕೆ ಜಾರುತ್ತದೆ. ಹೆದರಿ ಇಟ್ಟುಕೊಂಡಷ್ಟೂ ಅಪಾಯ. ತಕ್ಷಣ ನುಂಗಿದರೆ ಮಾತ್ರ ಕ್ಷೇಮ. ಹತ್ತನೇ ದಿನವೂ ಉಗುಳಿದರು. ಹನ್ನೊಂದನೇ ದಿನವೂ.

ಮಂಗಳವಾರ ಬೆಳಿಗ್ಗೆ ಜಲಜಕ್ಕ ಮೂರು ಡಬ್ಬಿ ಅಂಬಲಿ ಕಟ್ಟಿಕೊಂಡರು. ಅಂಬಲಿ ಆರಿದಷ್ಟೂ ಗಟ್ಟಿಯಾಗುತ್ತದಲ್ಲ, ಆಸ್ಪತ್ರೆಯಲ್ಲಿ ಎಷ್ಟು ಹೊತ್ತು ಕಾಯಿಸುತ್ತಾರೋ ಗೊತ್ತಿಲ್ಲ. ಒಂದು ಈಗ ಸರಿಯಾಗಿರುವುದು, ಒಂದು ಅರ್ಧ ಗಂಟೆಗೆ ಸರಿಯಾಗುವುದು, ಒಂದು ಒಂದೂವರೆ ಗಂಟೆಗೆ. ಕಾಯಿಸಿದರು, ಒಂದೂಕಾಲು ಗಂಟೆ! ನಾನು ಕೌಂಟರಿನ ಹುಡುಗಿಯ ಜೊತೆ ಎರಡು ಸಲ ಜಗಳವಾಡಿದೆ. ಜಲಜಕ್ಕ ಮೂರನೇ ಡಬ್ಬಿ ತೆರೆದು, ಚಮಚ ಓರೆ ಮಾಡಿ ನೋಡಿ, ಮತ್ತೆ ಮುಚ್ಚಿ ಮಡಿಲಲ್ಲಿಟ್ಟುಕೊಂಡು ಕೂತರು.

ಒಳಗೆ ಒಬ್ಬರಿಗೇ ಪ್ರವೇಶ. ನಾನು ದುಭಾಷಿ ಎಂದು ಹೇಳಿ ನುಗ್ಗಿದೆ. ಜಲಜಕ್ಕನಿಗೆ ನನಗಿಂತ ಹತ್ತರಷ್ಟು ಗುಜರಾತಿ ಬರುತ್ತದೆ ಎಂದು ಗೊತ್ತಿದ್ದ ನಿಕಿತಾ ಬಾಯಿ ಬಿಡಲಿಲ್ಲ.

ಡಾಕ್ಟರು ಮೂಗಿನಿಂದ ದಾರದಂಥ ಕ್ಯಾಮೆರಾ ಇಳಿಸಿದರು. ಎದುರಿನ ಟಿವಿಯಲ್ಲಿ ಲಿಂಗರಾಜಣ್ಣನ ಗಂಟಲು ಕೆಂಪಗೆ, ದೊಡ್ಡದಾಗಿ ಕಂಡಿತು. ಒಂದು ದಾರಿ ಉಸಿರಿಗೆ, ಒಂದು ದಾರಿ ಊಟಕ್ಕೆ. ಅಂಬಲಿಗೆ ಹಸಿರು ಬಣ್ಣದ ಎರಡು ಹನಿ ಹಾಕಿದರು. ಹಸಿರು ಊಟದ ದಾರಿ ಹಿಡಿದರೆ ಗೆದ್ದೆವು. ಉಸಿರಿನ ದಾರಿಗೆ ಇಳಿದರೆ ಈ ವಾರವೇ ಹೊಟ್ಟೆಗೆ ತೂತು.

ಮೊದಲ ಚಮಚ ಬಾಯಿಗೆ ಹೋಯಿತು. ಲಿಂಗರಾಜಣ್ಣ ತುಟಿ ಮುಚ್ಚಿದರು. ಅಷ್ಟೇ.

"ನುಂಗಿ ಕಾಕಾ," ಎಂದಳು ನಿಕಿತಾ ಹಿಂದಿಯಲ್ಲಿ. ಇಲ್ಲ. "ನುಂಗಿ" ಎಂದರು ಡಾಕ್ಟರು. ಇಲ್ಲ. ಟಿವಿಯಲ್ಲಿ ಏನೂ ಅಲುಗುತ್ತಿಲ್ಲ. ನಾಲಿಗೆಯ ಬುಡದಲ್ಲಿ ಹಸಿರು ಗೆರೆಯೊಂದು ಇಣುಕಿತು. ಬಾಯೊಳಗೆ ಕರಗಲು ಶುರುವಾಗಿತ್ತು! ನಿಕಿತಾ ಎಂಜಲು ಹೀರುವ ನಳಿಕೆಗೆ ಕೈ ಹಾಕಿದಳು. ಡಾಕ್ಟರು ಸಾಕು ಎನ್ನುವಂತೆ ತಲೆಯಾಡಿಸಿದರು.

ಜಲಜಕ್ಕ ಸ್ಟೂಲನ್ನು ಧಡ್ ಎಂದು ಎಳೆದು ಗಂಡನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಅದೇ ಡಬ್ಬಿಯಿಂದ ಒಂದು ಚಮಚ ಅಂಬಲಿ ತೆಗೆದು ತಮ್ಮ ಬಾಯಿಗೇ ಹಾಕಿಕೊಂಡರು. ಇಷ್ಟು ವಾರಗಳಲ್ಲಿ ಅವರು ಗಂಡನ ಎದುರಿಗೆ ಒಂದು ತುತ್ತೂ ತಿಂದಿರಲಿಲ್ಲ. ಅವರಿಗಿಲ್ಲದ್ದನ್ನು ಅವರ ಮುಂದೆ ಹೇಗೆ ತಿನ್ನುವುದು ಎಂದು ನಮ್ಮ ಮನೆಗೆ ಇಳಿದು ಬಂದು ನಿಂತುಕೊಂಡೇ ಎರಡು ತುತ್ತು ಗಂಟಲಿಗಿಳಿಸಿ ಓಡುತ್ತಿದ್ದರು. ಈಗ ಗಂಡನ ಗದ್ದಕ್ಕೆ ಬೆರಳಿಟ್ಟು ಕೆಳಗಿಳಿಸಿದರು, ತಮ್ಮ ಗದ್ದವನ್ನೂ ಇಳಿಸಿದರು. ಬಾಯಿ ತುಂಬಿದ್ದರಿಂದ ಮಾತಿಲ್ಲ. ಕಣ್ಣಲ್ಲೇ ಗದರಿಸಿ, ಗುಟುಕ್ ಎಂದು ನುಂಗಿದರು.

ನಾನೂ ನುಂಗಿದೆ. ನಿಕಿತಾ ನುಂಗಿದಳು. ಡಾಕ್ಟರ ಗಂಟಲೂ ಮೇಲೆ ಕೆಳಗೆ ಆದದ್ದನ್ನು ನಾನು ಕಂಡೆ.

ಟಿವಿ ಪೂರ್ತಿ ಬೆಳ್ಳಗಾಯಿತು. ನಾನು ಮೆಷಿನ್ನೇ ಹೋಯಿತು ಎಂದು "ಅಯ್ಯೋ!" ಎಂದು ಕೂಗಿದೆ. ಹಾಗಲ್ಲವಂತೆ, ನುಂಗುವ ಕ್ಷಣದಲ್ಲಿ ಗಂಟಲು ಕ್ಯಾಮೆರಾವನ್ನು ಒತ್ತಿ ಹಿಡಿಯುತ್ತದಂತೆ. ಮತ್ತೆ ಚಿತ್ರ ಬಂತು. ಡಾಕ್ಟರು ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. ಉಸಿರಿನ ದಾರಿ ಕೆಂಪಗೆ, ಶುಭ್ರವಾಗಿತ್ತು. ಹಸಿರು ಹಿಂದಿನ ದಾರಿಯಲ್ಲಿ ಇಳಿದು ಹೋಗಿತ್ತು.

"ಸರಸ್! ಬಹು ಸರಸ್!" ಎಂದರು ಡಾಕ್ಟರು. ಬಹಳ ಚೆನ್ನಾಗಿದೆ ಅಂತ, ಅಷ್ಟು ಗುಜರಾತಿ ನನಗೂ ಬರುತ್ತದೆ.

ಎರಡನೇ ಚಮಚ. ಜಲಜಕ್ಕನೂ ಒಂದು, ಅವರೂ ಒಂದು. ಮೂರನೆಯದು. ನಾಲ್ಕನೆಯದಕ್ಕೆ ಲಿಂಗರಾಜಣ್ಣ ಹೆಂಡತಿಗೆ ಕಾಯಲಿಲ್ಲ. ಏಳು ಚಮಚ, ಏಳಕ್ಕೆ ಏಳೂ ಸರಿ ದಾರಿ! ಕೊನೆಗೆ ಒಂದು ಹನಿ ಬರಿಯ ನೀರು ಕೊಟ್ಟು ನೋಡಿದರು, ಅದಕ್ಕೆ ಕೆಮ್ಮಿದರು. ನೀರಿಗೆ ಇನ್ನೂ ಒಂದು ತಿಂಗಳು ಕಾಯಬೇಕು, ವ್ಯಾಯಾಮ ಬಿಡುವಂತಿಲ್ಲ ಎಂದರು ಡಾಕ್ಟರು. ಆದರೆ ಹೊಟ್ಟೆಗೆ ತೂತು ಬೇಡ. ಮೂಗಿನ ನಳಿಕೆ ಇವತ್ತೇ ತೆಗೆಯೋಣ.

ಅಂಟಿಸಿದ್ದ ಪಟ್ಟಿ ಬಿಚ್ಚಿ ನಿಕಿತಾ ಒಂದೇ ಎಳೆತಕ್ಕೆ ಎಳೆದಳು. ಎಷ್ಟು ಉದ್ದ ಅದು! ಲಿಂಗರಾಜಣ್ಣ ಮೂಗು ಉಜ್ಜಿಕೊಂಡರು. ಮುಖದ ಮೇಲೆ ಏನೂ ಇಲ್ಲದ ಅವರನ್ನು ನೋಡಿ ಎಷ್ಟು ದಿನವಾಗಿತ್ತು. ಅವರು ಡಬ್ಬಿಯ ಕಡೆ ನೋಡಿದರು, ಹೆಂಡತಿಯ ಕಡೆ ನೋಡಿದರು.

"ಇನ್ನಾ... ಐತೇನು?"

ಜಲಜಕ್ಕ ಡಬ್ಬಿ ಎತ್ತಿಕೊಂಡರು. ಕೈ ನಡುಗಿ ಚಮಚ ಡಬ್ಬಿಯ ಅಂಚಿಗೆ ಟಣಟಣ ಬಡಿಯಿತು. ಆಟೋದವನನ್ನು ಎಳೆದು ತಂದ ಕೈ, ಒಂದೇ ಒಂದು ದಿನವೂ ನಡುಗದ ಕೈ. ಎರಡು ಸಲ ನೋಡಿ, ಆಗದೆ, ಡಬ್ಬಿಯನ್ನು ನನ್ನ ಕಡೆ ಚಾಚಿದರು.

"ಬೇಡ ಜಲಜಕ್ಕ, ನನ್ನ ಕೈಯಲ್ಲಿ ಬೇಡ" ಎಂದೆ. ನಿಜಕ್ಕೂ ಹೆದರಿದ್ದೆ.

"ನೀನ ತಿನಿಸು. ನೋಡ್ಕೋತ ತಿನಿಸು" ಎಂದು ಹೇಳಿ ಅವರು ಸೆರಗು ಮುಖಕ್ಕೆ ಒತ್ತಿಕೊಂಡು, ಇಷ್ಟು ದಿನದ್ದೆಲ್ಲ ಸೇರಿಸಿ, ಅತ್ತರು.

ನಾನು ಅರ್ಧ ಚಮಚ ತೆಗೆದೆ. ಓರೆ ಮಾಡಿ ನೋಡಿದೆ, ಒಂದೇ ಮುದ್ದೆಯಾಗಿ ಜಾರಿತು. ಮತ್ತೆ ತುಂಬಿಕೊಂಡೆ. ಲಿಂಗರಾಜಣ್ಣ ನನ್ನನ್ನು ಒಂದು ಗಳಿಗೆ ನೋಡಿದರು, ಆಮೇಲೆ ಬಾಯಿ ತೆರೆದರು, ತಾವಾಗಿಯೇ ಗದ್ದ ಇಳಿಸಿದರು. ನಾನು ಅವರ ಗಂಟಲಿನಿಂದ ಕಣ್ಣು ತೆಗೆಯಲಿಲ್ಲ. ಅದು ಮೇಲೆದ್ದು ಇಳಿಯಿತು. ಕೆಮ್ಮು ಬರಲಿಲ್ಲ.